ಬಿನ್ ಲಾಡೆನ್‌ನ ಡ್ರೈವರ್ ಯಾವ ಖಾನೆಗೆ ಸೇರುತ್ತಾನೆ?

ಸಲೀಂ ಹಮ್ದಾನ್ ಯೆಮೆನ್ ದೇಶದವನು. ಅಫ್ಘಾನಿಸ್ತಾನದಲ್ಲಿ ತಿಂಗಳಿಗೆ 200 ಡಾಲರ್ ಸಂಬಳಕ್ಕೆ ಕಾರು ಓಡಿಸುತ್ತಿದ್ದ. ತೊಂದರೆ ಏನೆಂದರೆ, ಆ ಕಾರಿನಲ್ಲಿ ಓಡಾಡುತ್ತಿದ್ದವನು ಒಸಾಮಾ ಬಿನ್ ಲಾಡೆನ್. 2001ರ ನವೆಂಬರ್‌ನಲ್ಲಿ ಹಮ್ದಾನ್ ಸಿಕ್ಕಿಬಿದ್ದಾಗ ಅವನ ಕಾರಿನಲ್ಲಿ ಎರಡು ಕ್ಷಿಪಣಿಗಳೂ ಇದ್ದವು. ಅವನನ್ನು ಅಮೆರಿಕದ ಸೇನೆಗೆ ಒಪ್ಪಿಸಿದರು. ಸೇನೆ ಅವನನ್ನು ಕ್ಯೂಬಾದ ಗ್ವಾಂಟನಾಮೊದಲ್ಲಿರುವ ತನ್ನ ಜೈಲಿಗೆ ಸಾಗಿಸಿತು.

ಇವನನ್ನು ಏನೆಂದು ಕರೆಯಬೇಕು? ಸೈನಿಕನಾ, ಅಪರಾಧಿಯಾ, ಅಥವಾ ಬರೀ ಡ್ರೈವರಾ? ಸುಮ್ನೆ ಹೆಸರಿನ ಜಗಳ ಅನ್ನಿಸಬಹುದು. ಆದರೆ ಭಯೋತ್ಪಾದನೆಯ ಶಂಕಿತರನ್ನು ಹಿಡಿದಿಡುವ, ಮಿಲಿಟರಿ ಕೋರ್ಟಿನಲ್ಲಿ ವಿಚಾರಿಸುವ ವಿಷಯದಲ್ಲಿ ಅಮೆರಿಕ ಇಪ್ಪತ್ತು ವರ್ಷಕ್ಕೂ ಜಾಸ್ತಿ ಜಗಳವಾಡಿದ್ದು ಈ ಒಂದು ಪ್ರಶ್ನೆಯ ಮೇಲೆಯೇ.

ಕಾನೂನಿನಲ್ಲಿ ಮೊದಲಿಂದ ಎರಡು ಖಾನೆ ಇವೆ. ಒಂದು, ಅಪರಾಧಿಯ ಖಾನೆ. ಪೊಲೀಸರು ಹಿಡಿಯುತ್ತಾರೆ, ಆರೋಪ ಹೊರಿಸುತ್ತಾರೆ, ವಕೀಲರು ಬರುತ್ತಾರೆ, ಸಾಕ್ಷಿ ನಡೆಯುತ್ತದೆ. ತಪ್ಪು ಸಾಬೀತಾದರೆ ಜೈಲು, ಇಲ್ಲವಾದರೆ ಮನೆ. ಇನ್ನೊಂದು, ಸೈನಿಕನ ಖಾನೆ. ಶತ್ರು ದೇಶದ ಸೈನಿಕ ಸಿಕ್ಕರೆ ಅವನ ಮೇಲೆ ಕೇಸೇ ಹಾಕಬೇಕಿಲ್ಲ. ಬಂದೂಕು ಹಿಡಿದು ಹೋರಾಡಿದ್ದು ಅವನ ಪಾಲಿಗೆ ಅಪರಾಧವೂ ಅಲ್ಲ. ಮತ್ತೆ ಯುದ್ಧಕ್ಕೆ ಇಳಿಯದಂತೆ ಅವನನ್ನು ಇಟ್ಟುಕೊಳ್ಳಬಹುದು, ಅಷ್ಟೇ. ಯುದ್ಧ ಮುಗಿದ ಮೇಲೆ ವಾಪಸು ಕಳಿಸಬೇಕು. ಯುದ್ಧದ ನಿಯಮಗಳ ಬಗ್ಗೆ ದೇಶಗಳು ಮಾಡಿಕೊಂಡ ಜಿನೀವಾ ಒಪ್ಪಂದಗಳು ಹೇಳುವುದು ಇದನ್ನೇ.

ಎರಡೂ ಖಾನೆಗಳಲ್ಲಿ ಒಂದು ಬಾಗಿಲಿದೆ ಅನ್ನುವುದನ್ನು ಗಮನಿಸಿ. ಅಪರಾಧಿಗೆ ತೀರ್ಪು ಬಾಗಿಲು, ಸೈನಿಕನಿಗೆ ಯುದ್ಧದ ಕೊನೆ ಬಾಗಿಲು.

2001ರ ಸೆಪ್ಟೆಂಬರ್ 11ರಂದು ಬಿನ್ ಲಾಡೆನ್‌ನ ಅಲ್-ಖೈದಾ ಸಂಘಟನೆ ಅಮೆರಿಕದ ಮೇಲೆ ಮಾಡಿದ ದಾಳಿಯಲ್ಲಿ ಸುಮಾರು 3,000 ಜನ ಸತ್ತ ಮೇಲೆ ಜಾರ್ಜ್ ಬುಷ್ ಸರ್ಕಾರ ಮೂರನೆಯ ಖಾನೆಯೊಂದನ್ನು ಮಾಡಿಕೊಂಡಿತು. ಅದಕ್ಕೆ ಕೊಟ್ಟ ಹೆಸರು ‘ಶತ್ರು ಹೋರಾಟಗಾರ’. ಸೈನಿಕನ ಖಾನೆಯಿಂದ ‘ಕೇಸಿಲ್ಲದೆ ಹಿಡಿದಿಡಬಹುದು’ ಅನ್ನುವುದನ್ನು ತೆಗೆದುಕೊಂಡಿತು. ಅಪರಾಧಿಯ ಖಾನೆಯಿಂದ ‘ಶಿಕ್ಷೆ ಕೊಡಬಹುದು, ಗಲ್ಲಿಗೂ ಹಾಕಬಹುದು’ ಅನ್ನುವುದನ್ನು ತೆಗೆದುಕೊಂಡಿತು. ಬಾಗಿಲು ಎರಡನ್ನೂ ಬಿಟ್ಟುಬಿಟ್ಟಿತು. ಈ ಇಡೀ ಗೋಜಲಿನ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಬುಷ್ ಕಡೆಯವರ ವಾದದಲ್ಲಿ ಹುರುಳಿರಲಿಲ್ಲ ಅಂತಲ್ಲ. ಅಲ್-ಖೈದಾ ಒಂದು ದೇಶವಲ್ಲ. ಅದಕ್ಕೆ ಸಮವಸ್ತ್ರವಿಲ್ಲ. ಯುದ್ಧದ ನಿಯಮಗಳನ್ನು ಅದು ಪಾಲಿಸುವುದಿಲ್ಲ. ಅಂಥವರಿಗೆ ಯುದ್ಧಕೈದಿಯ ಮರ್ಯಾದೆ ಏಕೆ ಕೊಡಬೇಕು? ಗುಂಡಿನ ಮಧ್ಯೆ ಒಬ್ಬನನ್ನು ಹಿಡಿದ ಸೈನಿಕ, ಪೊಲೀಸರ ಹಾಗೆ ಪಂಚರನ್ನು ಕರೆದು ಮಹಜರು ಮಾಡುತ್ತಾನಾ? ಗುಪ್ತಚರರು ಎಲ್ಲಿಂದ ಸುಳಿವು ಪಡೆದರು ಅನ್ನುವುದನ್ನು ತೆರೆದ ಕೋರ್ಟಿನಲ್ಲಿ ಹೇಳಲು ಆಗುತ್ತದಾ? ಇವೆಲ್ಲ ನಿಜವಾದ ತೊಡಕುಗಳೇ.

ಅವರ ಕೈಯಲ್ಲಿ ಹಳೆಯ ತೀರ್ಪೊಂದೂ ಇತ್ತು. 1942ರಲ್ಲಿ ಎಂಟು ಜನ ನಾಜಿ ವಿಧ್ವಂಸಕರು ಜಲಾಂತರ್ಗಾಮಿಗಳಲ್ಲಿ ಬಂದು ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್ ಮತ್ತು ಫ್ಲೋರಿಡಾ ದಡದಲ್ಲಿ ಇಳಿದರು. ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಮಿಲಿಟರಿ ಕಮಿಷನ್, ಅಂದರೆ ಸೇನಾಧಿಕಾರಿಗಳೇ ತೀರ್ಪು ಕೊಡುವ ವಿಶೇಷ ಕೋರ್ಟಿನ ಮುಂದೆ ನಿಲ್ಲಿಸಿದರು. ಸುಪ್ರೀಂ ಕೋರ್ಟ್ ಜುಲೈ 31ರಂದು ‘ಸರಿ’ ಅಂದಿತು. ಆಗಸ್ಟ್ 8ರಂದು ಆರು ಜನರಿಗೆ ಮರಣದಂಡನೆ ಆಯಿತು. ಯಾಕೆ ಸರಿ ಅನ್ನುವ ಪೂರ್ತಿ ತೀರ್ಪು ಬಂದದ್ದು ಅಕ್ಟೋಬರ್‌ನಲ್ಲಿ! ಮೊದಲು ಮರಣದಂಡನೆ, ಆಮೇಲೆ ಕಾರಣ. ಇದೇ ‘ಕ್ವಿರಿನ್’ ಕೇಸು. ಕಟ್ಟಾ ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಕಾಲಿಯಾ ಕೂಡ ಮುಂದೆ ಇದನ್ನು ಕೋರ್ಟಿನ ಒಳ್ಳೆಯ ಗಳಿಗೆ ಅಲ್ಲ ಎಂದು ಬರೆದರು. ಶಂಕಿತರನ್ನು ಇಂಥದೇ ಕಮಿಷನ್ ಮುಂದೆ ನಿಲ್ಲಿಸಲು 2001ರ ನವೆಂಬರ್ 13ರಂದು ಬುಷ್ ಹೊರಡಿಸಿದ ಮಿಲಿಟರಿ ಆದೇಶಕ್ಕೆ ರೂಸ್‌ವೆಲ್ಟ್ ಆದೇಶವೇ ಮಾದರಿ.

ಇದಕ್ಕೆ ಎದುರಾಗಿ ಇನ್ನೂ ಹಳೆಯ ತೀರ್ಪೊಂದಿತ್ತು. 1866ರ ‘ಮಿಲ್ಲಿಗನ್’ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್, ಮಾಮೂಲಿ ಕೋರ್ಟುಗಳು ಬಾಗಿಲು ತೆರೆದು ಕೆಲಸ ಮಾಡುತ್ತಿರುವಾಗ ನಾಗರಿಕನನ್ನು ಮಿಲಿಟರಿ ಕೋರ್ಟಿಗೆ ಎಳೆಯಬಾರದು ಎಂದಿತ್ತು.

ಬಾಡಿಗೆ ಜಾಗ

ಗ್ವಾಂಟನಾಮೊ ಇರುವುದು ಕ್ಯೂಬಾದಲ್ಲಿ. 1903ರಲ್ಲಿ ಅಮೆರಿಕ ಅದನ್ನು ಬಾಡಿಗೆಗೆ ಪಡೆಯಿತು. ವರ್ಷಕ್ಕೆ ಸುಮಾರು 4,085 ಡಾಲರ್ ಚೆಕ್ ಕಳಿಸುತ್ತದೆ. ಬೆಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಬಾಡಿಗೆಯ ಮನೆಗಳು ಬೇಕಾದಷ್ಟಿವೆ. ಕ್ಯಾಸ್ಟ್ರೊ ಸರ್ಕಾರ ಆರಂಭದಲ್ಲಿ ಒಂದು ಚೆಕ್ ನಗದು ಮಾಡಿಕೊಂಡಿದ್ದು ಬಿಟ್ಟರೆ ಮತ್ತೆ ಮುಟ್ಟಿಲ್ಲ. ಜಾಗ ಖಾಲಿ ಮಾಡಿ ಅನ್ನುವುದು ಕ್ಯೂಬಾದ ಹಠ.

ಈ ವಿಚಿತ್ರ ಜಾಗವನ್ನು ಆರಿಸಿಕೊಂಡದ್ದು ಕಾಕತಾಳೀಯವಲ್ಲ. 1950ರ ‘ಐಸೆನ್‌ಟ್ರೇಗರ್’ ತೀರ್ಪಿನ ಪ್ರಕಾರ, ಅಮೆರಿಕದ ಸಾರ್ವಭೌಮತ್ವ ಇಲ್ಲದ ನೆಲದಲ್ಲಿ ಸೇನೆ ಹಿಡಿದಿಟ್ಟ ವಿದೇಶಿ ಶತ್ರುಗಳು ಅಮೆರಿಕದ ಕೋರ್ಟಿಗೆ ಹೋಗುವ ಹಾಗಿಲ್ಲ. ಗ್ವಾಂಟನಾಮೊದಲ್ಲಿ ಪೂರ್ತಿ ಹಿಡಿತ ಅಮೆರಿಕದ್ದು, ಕಾಗದದಲ್ಲಿ ಸಾರ್ವಭೌಮತ್ವ ಕ್ಯೂಬಾದ್ದು. ಹೀಗಾಗಿ ಅಲ್ಲಿ ಯಾವ ಕೋರ್ಟಿನ ಕೈಯೂ ತಾಕುವುದಿಲ್ಲ ಅನ್ನುವುದು ಸರ್ಕಾರದ ಲೆಕ್ಕ. 2002ರ ಜನವರಿ 11ರಂದು ಮೊದಲ 20 ಜನರನ್ನು ಅಲ್ಲಿಗೆ ತಂದರು. ಒಟ್ಟು ಸುಮಾರು 780 ಜನ ಆ ಜೈಲನ್ನು ಕಂಡಿದ್ದಾರೆ.

ಅವರೆಲ್ಲ ಯುದ್ಧಭೂಮಿಯಲ್ಲಿ ಬಂದೂಕಿನೊಂದಿಗೆ ಸಿಕ್ಕವರೂ ಅಲ್ಲ. ಅಮೆರಿಕ ಇನಾಮು ಘೋಷಿಸಿ ಕರಪತ್ರ ಉದುರಿಸಿತ್ತು. ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿ ದುಡ್ಡಿಗಾಗಿ ಜನರನ್ನು ಹಿಡಿದುಕೊಟ್ಟವರಿದ್ದರು. ಹಿಡಿದವನು ಯಾರು ಎಂಬ ಅನುಮಾನ ಬಂದರೆ ಒಂದು ಸಣ್ಣ ಮಂಡಳಿ ಕೂತು ತೀರ್ಮಾನಿಸಬೇಕು ಅಂತ ಜಿನೀವಾ ಒಪ್ಪಂದದಲ್ಲೇ ಇದೆ. 1991ರ ಕೊಲ್ಲಿ ಯುದ್ಧದಲ್ಲಿ ಇದೇ ಅಮೆರಿಕದ ಸೇನೆ ಅಂಥ ನೂರಾರು ವಿಚಾರಣೆ ನಡೆಸಿತ್ತು. ಈ ಸಲ ಆ ಹೆಜ್ಜೆಯನ್ನೇ ಹಾರಿತು. ಶುರುವಿನಲ್ಲೇ ಜೊಳ್ಳು ತೂರಿ ಕಾಳು ಉಳಿಸಿಕೊಂಡಿದ್ದರೆ ಮುಂದಿನ ಎಷ್ಟೋ ಕೇಸುಗಳು ಹುಟ್ಟುತ್ತಲೇ ಇರಲಿಲ್ಲವೇನೋ.

‘ಆ ದೇಹವನ್ನು ತಂದು ನಿಲ್ಲಿಸಿ’

ಹೇಬಿಯಸ್ ಕಾರ್ಪಸ್ ಅನ್ನುವ ಮಾತನ್ನು ಪೇಪರಿನಲ್ಲಿ ನೋಡಿರುತ್ತೀರಿ. ಹಿಡಿದಿಟ್ಟವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನಡಿ ಹಿಡಿದಿದ್ದೀರಿ ಅಂತ ಹೇಳಿ ಅನ್ನುವ ಆದೇಶ ಅದು. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಇದರ ಬೆಲೆ ನಮಗೂ ಗೊತ್ತು. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ ಮುಂತಾದವರನ್ನು ಬಂಧಿಸಿದ್ದು ಬೆಂಗಳೂರಿನಲ್ಲಿ. ಅವರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನಲ್ಲಿ. ಮರುವರ್ಷ ಜಬಲ್‌ಪುರ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ 4-1 ಬಹುಮತದಿಂದ, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿಗೆ ಬರುವಂತಿಲ್ಲ ಎಂದುಬಿಟ್ಟಿತು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತಳ್ಳಿಹಾಕಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಕೇಸಿನಲ್ಲಿ.

ಅಮೆರಿಕದ ಸುಪ್ರೀಂ ಕೋರ್ಟ್‌ಗೆ ಅಂಥದ್ದೇ ಪರೀಕ್ಷೆ ಬಂದದ್ದು 2004ರಲ್ಲಿ. ಯಾಸರ್ ಹಮ್ದಿ ಅನ್ನುವವನು ಅಫ್ಘಾನಿಸ್ತಾನದಲ್ಲಿ ಸಿಕ್ಕಿದ್ದ. ಆದರೆ ಹುಟ್ಟಿದ್ದು ಲೂಸಿಯಾನಾದಲ್ಲಿ, ಅಂದರೆ ಅಮೆರಿಕದ ಪ್ರಜೆ. (ಡ್ರೈವರ್ ಹಮ್ದಾನ್ ಬೇರೆ, ಈ ಹಮ್ದಿ ಬೇರೆ. ಕಾನೂನು ವಿದ್ಯಾರ್ಥಿಗಳೇ ಎಡವುವ ಜಾಗ ಇದು.) ಅವನನ್ನು ಹಿಡಿದಿಡುವ ಅಧಿಕಾರ ಸರ್ಕಾರಕ್ಕಿದೆ, ಆದರೆ ತಾನು ಶತ್ರುವಲ್ಲ ಎಂದು ಹೇಳಿಕೊಳ್ಳುವ ಅವಕಾಶವನ್ನು ಅವನಿಗೆ ಕೊಡಲೇಬೇಕು ಎಂದಿತು ಕೋರ್ಟ್. ಯುದ್ಧ ಇದೆ ಅಂದ ಮಾತ್ರಕ್ಕೆ ಅಧ್ಯಕ್ಷರ ಕೈಗೆ ಖಾಲಿ ಚೆಕ್ ಕೊಟ್ಟಂತಲ್ಲ ಅನ್ನುವ ನ್ಯಾಯಮೂರ್ತಿ ಸಾಂಡ್ರಾ ಡೇ ಓ’ಕಾನರ್ ಅವರ ಮಾತು ಈ ತೀರ್ಪಿನದು. ಕೆಲವೇ ತಿಂಗಳಲ್ಲಿ ಸರ್ಕಾರ ಹಮ್ದಿಯನ್ನು ಸೌದಿಗೆ ಕಳಿಸಿ ಕೈತೊಳೆದುಕೊಂಡಿತು. ಅಷ್ಟು ಅಪಾಯದ ಮನುಷ್ಯನಾಗಿದ್ದರೆ ಹೀಗೆ ಕಳಿಸುತ್ತಿದ್ದರಾ?

ಅದೇ ದಿನ ‘ರಸೂಲ್’ ಕೇಸಿನಲ್ಲಿ, ಗ್ವಾಂಟನಾಮೊದ ವಿದೇಶಿಯರೂ ಕೋರ್ಟಿಗೆ ಬರಬಹುದು ಎಂದು ತೀರ್ಪಾಯಿತು. ಬಾಡಿಗೆ ಜಾಗದ ಲೆಕ್ಕ ತಲೆಕೆಳಗಾಯಿತು. ಸಂಸತ್ತು ಕಾನೂನು ತಿದ್ದಿ ಆ ಬಾಗಿಲು ಮುಚ್ಚಲು ಹೋಯಿತು. 2008ರ ‘ಬೂಮೆಡೀನ್’ ತೀರ್ಪಿನಲ್ಲಿ ಕೋರ್ಟ್ 5-4ರಲ್ಲಿ ಅದನ್ನೂ ತಡೆಯಿತು. ದಂಗೆ ಅಥವಾ ದಾಳಿಯ ಕಾಲದಲ್ಲಿ ಮಾತ್ರ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತಿನಲ್ಲಿಡಬಹುದು ಎಂದು ಸಂವಿಧಾನದಲ್ಲೇ ಇರುವಾಗ, ಹಿಂಬಾಗಿಲಿನಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತು.

ಗೆದ್ದರಲ್ವಾ, ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಅದ್ನಾನ್ ಲತೀಫ್ ಎಂಬ ಯೆಮೆನಿಯನ್ನು ಬಿಡುಗಡೆ ಮಾಡಿ ಎಂದು 2010ರಲ್ಲಿ ಕೆಳಗಿನ ಕೋರ್ಟ್ ಹೇಳಿತು. 2011ರಲ್ಲಿ ಮೇಲಿನ ಕೋರ್ಟ್, ಸರ್ಕಾರದ ಗುಪ್ತಚರ ವರದಿಯನ್ನು ಕ್ರಮಬದ್ಧವಾಗಿಯೇ ಬರೆದದ್ದು ಎಂದು ಮೊದಲು ನಂಬಿಕೊಂಡು ಹೊರಡಬೇಕು ಎಂದು ಆದೇಶವನ್ನು ತಿರುಗಿಸಿತು. ಸುಪ್ರೀಂ ಕೋರ್ಟ್ ಕೇಸು ಕೇಳಲು ಒಪ್ಪಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಲತೀಫ್ ಗ್ವಾಂಟನಾಮೊದಲ್ಲೇ ಸತ್ತ. ಇನ್ನು ಚೀನಾ ಮೂಲದ 22 ಉಯ್ಗುರ್ ಜನರದ್ದು ಬೇರೆಯೇ ಪಾಡು. ಇವರು ಶತ್ರುಗಳಲ್ಲ ಅಂತ ಸರ್ಕಾರವೇ ಕೊನೆಗೆ ಕೈಬಿಟ್ಟಿತು. ಆದರೆ ಚೀನಾಕ್ಕೆ ಕಳಿಸಿದರೆ ಹಿಂಸೆ, ಅಮೆರಿಕದೊಳಗೆ ಬಿಡಲು ಮನಸ್ಸಿಲ್ಲ. ಅವರಲ್ಲಿ ಕೆಲವರು ಅಲ್ಬೇನಿಯಾ, ಬರ್ಮುಡಾ, ಪಲಾವ್ ಅಂತ ಭೂಪಟದಲ್ಲಿ ಹುಡುಕಬೇಕಾದ ಜಾಗಗಳಿಗೆ ಹೋಗಿ ಸೇರಿದರು.

ಹಿಡಿದಿಡುವುದು ಬೇರೆ, ವಿಚಾರಣೆ ಬೇರೆ

ಈ ವಿಷಯ ಓದುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ. ಗ್ವಾಂಟನಾಮೊದಲ್ಲಿ ಇರುವವರೆಲ್ಲ ವಿಚಾರಣೆಗೆ ಕಾಯುತ್ತಿದ್ದಾರೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಅಲ್ಲಿದ್ದವರಲ್ಲಿ ಬಹುಪಾಲು ಜನರ ಮೇಲೆ ಯಾವ ಆರೋಪವನ್ನೂ ಹೊರಿಸಲೇ ಇಲ್ಲ. ಅವರನ್ನು ಇಟ್ಟುಕೊಂಡದ್ದು ‘ಯುದ್ಧ ನಡೆಯುತ್ತಿದೆ’ ಅನ್ನುವ ಕಾರಣಕ್ಕೆ. ಇದಕ್ಕೆ ಆಧಾರ, ದಾಳಿಯಾದ ಒಂದು ವಾರದೊಳಗೆ ಸಹಿಯಾದ ಪುಟ್ಟ ಕಾಯಿದೆ. ದಾಳಿ ಮಾಡಿದವರು, ಅವರಿಗೆ ನೆರವಾದವರ ಮೇಲೆ ಬಲಪ್ರಯೋಗಿಸುವ ಅಧಿಕಾರ ಅಧ್ಯಕ್ಷರಿಗಿದೆ ಎಂದು ಅದು ಹೇಳುತ್ತದೆ. ಕೆಳಮನೆಯಲ್ಲಿ ಅದರ ವಿರುದ್ಧ ಮತ ಹಾಕಿದ್ದು ಬಾರ್ಬರಾ ಲೀ ಒಬ್ಬರೇ. ಆ ಕಾಯಿದೆಯಲ್ಲಿ ‘ಹಿಡಿದಿಡು’ ಅನ್ನುವ ಶಬ್ದವೇ ಇಲ್ಲ. ಯುದ್ಧ ಅಂದಮೇಲೆ ಅದೂ ಸೇರಿಯೇ ಇರುತ್ತದೆ ಎಂದು ಕೋರ್ಟ್ ಅರ್ಥ ಮಾಡಿತು.

ಎರಡನೇ ಮಹಾಯುದ್ಧಕ್ಕೆ ಕೊನೆಯಿತ್ತು. ಜಪಾನ್ ಶರಣಾಗತಿ ಪತ್ರಕ್ಕೆ ಹಡಗಿನ ಮೇಲೆ ಸಹಿ ಹಾಕಿತು. ಅಲ್-ಖೈದಾ ಪರವಾಗಿ ಯಾರು ಸಹಿ ಹಾಕುತ್ತಾರೆ?

ಈಗ ನಮ್ಮ ಡ್ರೈವರ್ ಹತ್ತಿರ ವಾಪಸು ಬರೋಣ. ಅವನ ಮೇಲೆ ನಿಜವಾಗಿಯೂ ಆರೋಪ ಹೊರಿಸಿದ್ದರು. ಬುಷ್ ಆದೇಶದಂತೆ ನಡೆಯಬೇಕಿದ್ದ ಆ ಮಿಲಿಟರಿ ಕಮಿಷನ್‌ನಲ್ಲಿ ಆರೋಪಿಯನ್ನೇ ಹೊರಗಿಟ್ಟು ಸಾಕ್ಷ್ಯ ಕೇಳಬಹುದಿತ್ತು. ಹಮ್ದಾನ್ ಕಡೆಯವರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಅವನ ಪರ ನಿಂತ ವಕೀಲರಲ್ಲಿ ನೌಕಾಪಡೆಯ ಅಧಿಕಾರಿಯೂ ಇದ್ದರು, ಇದು ಅಮೆರಿಕದ ಸೇನೆಯ ಬಗ್ಗೆ ಹೇಳಲೇಬೇಕಾದ ಒಳ್ಳೆಯ ಮಾತು. 2006ರ ಜೂನ್ 29ರಂದು 5-3ರ ತೀರ್ಪು ಬಂತು. ಅಧ್ಯಕ್ಷರು ತಾವೇ ಇಂಥ ಕಮಿಷನ್ ಕಟ್ಟಿಕೊಳ್ಳುವಂತಿಲ್ಲ, ಸೇನೆಯ ಸ್ವಂತ ಕೋರ್ಟ್ ಮಾರ್ಷಲ್ ನಿಯಮಗಳಿಂದ ಇಷ್ಟು ದೂರ ಹೋಗುವಂತಿಲ್ಲ, ಜಿನೀವಾ ಒಪ್ಪಂದದ ಕನಿಷ್ಠ ರಕ್ಷಣೆ ಅಲ್-ಖೈದಾದವನಿಗೂ ಉಂಟು.

ಸಂಸತ್ತು ಕೂಡಲೇ ಹೊಸ ಕಾಯಿದೆ ಮಾಡಿ ಕಮಿಷನ್‌ಗಳಿಗೆ ಮರುಜೀವ ಕೊಟ್ಟಿತು. 2008ರಲ್ಲಿ ಹಮ್ದಾನ್ ವಿಚಾರಣೆ ನಡೆಯಿತು. ತೀರ್ಪು ಕೊಡಲು ಕೂತವರು ಆರು ಜನ ಸೇನಾಧಿಕಾರಿಗಳು. ಸರ್ಕಾರಿ ವಕೀಲರು ಕನಿಷ್ಠ 30 ವರ್ಷ ಕೇಳಿದರು. ಅಧಿಕಾರಿಗಳು ಸಂಚಿನ ಆರೋಪವನ್ನು ಕೈಬಿಟ್ಟು, ಉಗ್ರರಿಗೆ ನೆರವಾದ ತಪ್ಪಿಗೆ ಐದೂವರೆ ವರ್ಷ ಕೊಟ್ಟರು. ಒಳಗಿದ್ದ ಅವಧಿ ಕಳೆದರೆ ಬಾಕಿ ಉಳಿದದ್ದು ಐದು ತಿಂಗಳು!

ಸೇನಾ ಸಮವಸ್ತ್ರ ಕಂಡರೆ ಕಠೋರ ತೀರ್ಪು ಖಾತ್ರಿ ಅಂದುಕೊಂಡವರಿಗೆ ಇದು ಏಟು. ಆದರೆ ಅಸಲಿ ಗಮ್ಮತ್ತು ಬೇರೆ ಇತ್ತು. ಶಿಕ್ಷೆ ಮುಗಿದ ಮೇಲೂ, ಖುಲಾಸೆಯಾದರೂ, ಶತ್ರು ಹೋರಾಟಗಾರ ಅಂತ ಹಿಡಿದಿಟ್ಟುಕೊಳ್ಳುವ ಹಕ್ಕು ನಮಗಿದೆ ಅನ್ನುವುದು ಸರ್ಕಾರದ ನಿಲುವು. ಹಾಗಾದರೆ ವಿಚಾರಣೆ ಯಾತಕ್ಕೆ? ಕೊನೆಗೆ ಆ ಹಕ್ಕನ್ನು ಚಲಾಯಿಸಲಿಲ್ಲ. ಹಮ್ದಾನ್ 2008ರ ನವೆಂಬರ್‌ನಲ್ಲಿ ಯೆಮೆನ್‌ಗೆ ಹೋದ. 2012ರಲ್ಲಿ ಮೇಲ್ಮನವಿ ಕೋರ್ಟ್ ಅವನ ಶಿಕ್ಷೆಯನ್ನೇ ರದ್ದು ಮಾಡಿತು. ‘ಉಗ್ರರಿಗೆ ನೆರವು’ ಅನ್ನುವುದು ಅವನು ಕಾರು ಓಡಿಸುತ್ತಿದ್ದ ಕಾಲಕ್ಕೆ ಯುದ್ಧಾಪರಾಧವೇ ಆಗಿರಲಿಲ್ಲ, ಆಮೇಲೆ ಕಾನೂನು ಮಾಡಿ ಹಿಂದಿನದಕ್ಕೆ ಶಿಕ್ಷಿಸಲು ಆಗದು ಅಂತ. ಆ ತೀರ್ಪು ಬರೆದವರು ಬ್ರೆಟ್ ಕವನಾ. ಮುಂದೆ ಟ್ರಂಪ್ ಸುಪ್ರೀಂ ಕೋರ್ಟಿಗೆ ಆರಿಸಿದ ಅದೇ ಕವನಾ.

ಮಾಮೂಲಿ ಕೋರ್ಟಿನಲ್ಲಿ ಆಗುತ್ತಿರಲಿಲ್ಲವೇ?

ಆಗುತ್ತಿತ್ತು, ಆಗಿದೆ ಕೂಡ. ಶೂನಲ್ಲಿ ಬಾಂಬ್ ಇಟ್ಟುಕೊಂಡು ವಿಮಾನ ಹತ್ತಿದ ರಿಚರ್ಡ್ ರೀಡ್‌ಗೆ 2003ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟದ್ದು ಮಾಮೂಲಿ ಕೋರ್ಟ್. ಸೆಪ್ಟೆಂಬರ್ 11ರ ಸಂಚಿನಲ್ಲಿ ಜಕಾರಿಯಾಸ್ ಮುಸಾವಿಗೆ 2006ರಲ್ಲಿ ಜೀವಾವಧಿ ಕೊಟ್ಟದ್ದೂ ಹಾಗೆಯೇ. ಗುಟ್ಟಿನ ದಾಖಲೆಗಳನ್ನು ಕೋರ್ಟಿನಲ್ಲಿ ನಿಭಾಯಿಸಲು 1980ರಿಂದಲೇ ಅಲ್ಲಿ ಕಾಯಿದೆ ಇದೆ.

ಭಾರತೀಯ ಓದುಗರಿಗೆ ಹತ್ತಿರದ ಉದಾಹರಣೆ ಮುಂಬೈ ದಾಳಿಯದು. ಕಸಬ್‌ನ ವಿಚಾರಣೆ ಆರ್ಥರ್ ರೋಡ್ ಜೈಲಿನೊಳಗಿನ ವಿಶೇಷ ಕೋರ್ಟಿನಲ್ಲಿ ನಡೆಯಿತು. ಮಿಲಿಟರಿ ಕೋರ್ಟ್ ಅಲ್ಲ, ಸೇನೆಗೆ ಸೇರದ ಮಾಮೂಲಿ ನ್ಯಾಯಾಧೀಶರು. ಅವನಿಗೂ ವಕೀಲರಿದ್ದರು, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಎರಡೂ ಕೇಳಿದವು. 2008ರ ನವೆಂಬರ್‌ನಲ್ಲಿ ದಾಳಿ, 2012ರ ನವೆಂಬರ್‌ನಲ್ಲಿ ಗಲ್ಲು. ಅದೇ ಸಂಚಿನ ಡೇವಿಡ್ ಹೆಡ್ಲಿಗೆ 2013ರಲ್ಲಿ 35 ವರ್ಷ ಶಿಕ್ಷೆ ಕೊಟ್ಟದ್ದು ಶಿಕಾಗೊದ ಮಾಮೂಲಿ ಕೋರ್ಟ್. ಹಾಗಂತ ನಮ್ಮಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಆರೋಪವಿಲ್ಲದೆ ಒಳಗಿಡುವ ಮುಂಜಾಗ್ರತಾ ಬಂಧನ ನಮ್ಮ ಸಂವಿಧಾನದ 22ನೇ ವಿಧಿಯಲ್ಲೇ ಕೂತಿದೆ.

ಗ್ವಾಂಟನಾಮೊದಿಂದ ಮಾಮೂಲಿ ಕೋರ್ಟಿಗೆ ಬಂದ ಆರೋಪಿ ಒಬ್ಬನೇ, ಅಹ್ಮದ್ ಘೈಲಾನಿ. 1998ರಲ್ಲಿ ಆಫ್ರಿಕಾದ ಎರಡು ಅಮೆರಿಕನ್ ರಾಯಭಾರ ಕಚೇರಿಗಳ ಮೇಲಿನ ದಾಳಿಯಲ್ಲಿ 224 ಜನ ಸತ್ತ ಕೇಸು. 2010ರಲ್ಲಿ ನ್ಯೂಯಾರ್ಕ್ ಜೂರಿ 285 ಆರೋಪಗಳಲ್ಲಿ 284ರಿಂದ ಅವನನ್ನು ಖುಲಾಸೆ ಮಾಡಿತು. ‘ನೋಡಿದಿರಾ, ಮಾಮೂಲಿ ಕೋರ್ಟಿಗೆ ಕೊಟ್ಟರೆ ಹೀಗಾಗುತ್ತೆ’ ಅಂತ ದೊಡ್ಡ ಗಲಾಟೆ. ಉಳಿದ ಆ ಒಂದೇ ಆರೋಪಕ್ಕೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು ಅನ್ನುವುದು ಗಲಾಟೆಯಲ್ಲಿ ಮುಳುಗಿಹೋಯಿತು. 2009ರಲ್ಲಿ ಒಂದು ವರ್ಷದೊಳಗೆ ಗ್ವಾಂಟನಾಮೊ ಮುಚ್ಚುತ್ತೇನೆ ಎಂದಿದ್ದ ಒಬಾಮಾಗೆ ಸಂಸತ್ತು ಅಡ್ಡ ನಿಂತಿತು. ಅಲ್ಲಿನ ಕೈದಿಗಳನ್ನು ವಿಚಾರಣೆಗೂ ಅಮೆರಿಕದ ನೆಲಕ್ಕೆ ತರಬಾರದು ಎಂದು ಕಾನೂನು ಮಾಡಿತು.

ಘೈಲಾನಿ ಕೇಸಿನಲ್ಲಿ ಮುಖ್ಯ ಸಾಕ್ಷಿಯೊಬ್ಬನನ್ನು ನ್ಯಾಯಾಧೀಶರು ಒಳಗೆ ಬಿಡಲಿಲ್ಲ. ಆ ಸಾಕ್ಷಿಯ ಹೆಸರು ಸಿಕ್ಕಿದ್ದೇ ಘೈಲಾನಿಯನ್ನು ಬಲವಂತವಾಗಿ ಬಾಯಿಬಿಡಿಸಿದಾಗ. ಮಿಲಿಟರಿ ಕೋರ್ಟಾದರೆ ಇಂಥ ಅಡ್ಡಿ ಇರುವುದಿಲ್ಲ ಎಂದು ಬಹಳ ಜನ ನಂಬಿದ್ದರು. ಆ ನಂಬಿಕೆ ಸುಳ್ಳಾದದ್ದು ಸೆಪ್ಟೆಂಬರ್ 11ರ ಮುಖ್ಯ ಕೇಸಿನಲ್ಲಿ.

ದಾಳಿಯ ಸೂತ್ರಧಾರ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ 2003ರ ಮಾರ್ಚ್‌ನಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕಿದ. ಮೂರೂವರೆ ವರ್ಷ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ಗುಟ್ಟಿನ ಜೈಲುಗಳಲ್ಲಿ ಇಟ್ಟಿತು. ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿದು ಉಸಿರುಗಟ್ಟಿಸುವ ಹಿಂಸೆಯನ್ನು 183 ಸಲ ಕೊಟ್ಟಿತು. ಇದು ಸರ್ಕಾರದ್ದೇ ದಾಖಲೆಯಲ್ಲಿರುವ ಲೆಕ್ಕ. ಆಮೇಲೆ 2007ರಲ್ಲಿ ತನಿಖಾ ಸಂಸ್ಥೆ ಎಫ್‌ಬಿಐನವರು ಬಂದು ಮೃದುವಾಗಿ ಮಾತಾಡಿಸಿ ಹೊಸದಾಗಿ ಹೇಳಿಕೆ ಬರೆಸಿಕೊಂಡರು. ಹಳೆಯದು ಹಾಳಾದರೂ ಇದು ನಿಲ್ಲುತ್ತದೆ ಅನ್ನುವ ಆಸೆ. ಆದರೆ ವರ್ಷಗಟ್ಟಲೆ ಹೊಡೆಸಿಕೊಂಡವನು, ಮುಂದೆ ಕೂತವರು ನಯವಾಗಿ ಮಾತಾಡಿದ ಕೂಡಲೇ ಸ್ವಂತ ಇಚ್ಛೆಯಿಂದ ಮಾತಾಡುತ್ತಾನಾ? ಅಮೆರಿಕದ ಯುದ್ಧನೌಕೆ ‘ಕೋಲ್’ ಮೇಲಿನ ದಾಳಿಯ ಆರೋಪಿ ನಶಿರಿಯ ಅಂಥ ಹೇಳಿಕೆಯನ್ನು 2023ರಲ್ಲಿ, ಸೆಪ್ಟೆಂಬರ್ 11ರ ಆರೋಪಿ ಬಲೂಚಿಯ ಹೇಳಿಕೆಯನ್ನು 2025ರಲ್ಲಿ ತಳ್ಳಿಹಾಕಿದರು. ತಳ್ಳಿದವರಿಬ್ಬರೂ ಸೇನೆಯ ಕರ್ನಲ್‌ಗಳೇ.

ಕೋರ್ಟಿನ ಕೋಣೆಯೇ ಒಂದು ಕಥೆ. ಪ್ರೇಕ್ಷಕರು ಗಾಜಿನ ಆಚೆ ಕೂರುತ್ತಾರೆ. ಕಣ್ಣೆದುರು ತುಟಿ ಅಲ್ಲಾಡಿದ 40 ಸೆಕೆಂಡ್ ಆದ ಮೇಲೆ ಮಾತು ಕೇಳಿಸುತ್ತದೆ. ಗುಟ್ಟು ಹೊರಬಿದ್ದರೆ ಆ ನಡುವೆ ಗುಂಡಿ ಒತ್ತಿ ಧ್ವನಿ ನಿಲ್ಲಿಸಲು ಈ ಏರ್ಪಾಡು. 2013ರ ಜನವರಿಯಲ್ಲಿ ಒಂದು ದಿನ ಹಠಾತ್ತಾಗಿ ಧ್ವನಿ ನಿಂತಿತು. ನ್ಯಾಯಾಧೀಶರು ಒತ್ತಿರಲಿಲ್ಲ, ಅವರ ಪಕ್ಕದ ಅಧಿಕಾರಿಯೂ ಒತ್ತಿರಲಿಲ್ಲ. ಹೊರಗೆ ಇನ್ಯಾರೋ ಕೂತು ಒತ್ತಿದ್ದರು. ತನ್ನ ಕೋರ್ಟಿನ ಸ್ವಿಚ್ ಬೇರೆಯವರ ಕೈಯಲ್ಲೂ ಇದೆ ಅನ್ನುವುದು ನ್ಯಾಯಾಧೀಶರಿಗೇ ಗೊತ್ತಿರಲಿಲ್ಲ.

ಹೀಗೆ ವಾಯಿದೆ ಮೇಲೆ ವಾಯಿದೆ. 2012ರಲ್ಲಿ ಆರೋಪ ಓದಿ ಹೇಳಿದ ಕೇಸಿನಲ್ಲಿ ಒಬ್ಬರ ಹಿಂದೊಬ್ಬರು ನ್ಯಾಯಾಧೀಶರು ಬದಲಾದರು. ಐವರು ಆರೋಪಿಗಳಲ್ಲಿ ಒಬ್ಬನ ಮನಸ್ಥಿತಿ ವಿಚಾರಣೆಗೆ ತಕ್ಕದ್ದಲ್ಲ ಎಂದು 2023ರಲ್ಲಿ ತೀರ್ಮಾನವಾಯಿತು. ಕೊನೆಗೆ ಸರ್ಕಾರಿ ವಕೀಲರೇ ರಾಜಿಗೆ ಇಳಿದರು. 2024ರ ಜುಲೈ 31ರಂದು ಮೊಹಮ್ಮದ್ ಮತ್ತು ಇನ್ನಿಬ್ಬರು ತಪ್ಪೊಪ್ಪಿಕೊಳ್ಳಲು ಸಹಿ ಹಾಕಿದರು ಅನ್ನುವ ಸುದ್ದಿ ಬಂತು. ಗಲ್ಲಿನ ಬದಲು ಜೀವಾವಧಿ. ಎರಡೇ ದಿನದಲ್ಲಿ ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್ ಅದನ್ನು ವಾಪಸು ಪಡೆದರು. ವಾಪಸು ಪಡೆಯಲು ನಿಮಗೆ ಅಧಿಕಾರವಿಲ್ಲ ಎಂದರು ಮಿಲಿಟರಿ ನ್ಯಾಯಾಧೀಶರು. ಇದೆ ಎಂದಿತು ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್, 2025ರ ಜುಲೈನಲ್ಲಿ, 2-1ರಿಂದ.

ಸತ್ತವರ ಮನೆಯವರಲ್ಲಿ ಈ ರಾಜಿಯನ್ನು ಮೋಸ ಎಂದವರಿದ್ದರು, ಇಷ್ಟಾದರೂ ಮುಗಿಯಲಿ ಎಂದವರೂ ಇದ್ದರು. ಆ ರಾಜಿಪತ್ರದಲ್ಲಿ ಒಂದು ಷರತ್ತಿತ್ತು. ಮನೆಯವರು ಪ್ರಶ್ನೆಗಳನ್ನು ಬರೆದು ಕಳಿಸಬಹುದು, ಯಾಕೆ ಮಾಡಿದಿರಿ, ಯಾರ ಪಾತ್ರ ಏನು ಅಂತ ಆರೋಪಿಗಳು ಉತ್ತರ ಕೊಡಬೇಕು. ರಾಜಿ ರದ್ದಾದಾಗ ಆ ಷರತ್ತೂ ಅದರ ಜೊತೆಗೇ ಹೋಯಿತು.